ಚಳಿಗಾಲದಲ್ಲಿ ಮನೆಯೊಳಗಿನ ಗಿಡ: ನೀರು ಹಾಕುವ ಮುಂಚೆ ಮಣ್ಣು ಮುಟ್ಟಿ ನೋಡಿ

ಚಳಿಗಾಲದಲ್ಲಿ ಕುಂಡದ ಗಿಡಗಳು ಚಳಿಗಿಂತ ನೀರಿಗೇ ಸಾಯುವುದು ಜಾಸ್ತಿ. ಎಲೆ ಹಳದಿಯಾಯಿತು ಅಂತ ಒಂದು ಲೋಟ, ಬಾಡಿತು ಅಂತ ಇನ್ನೊಂದು ಲೋಟ ಸುರಿಯುವವರನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಜಾಗ. ಬೆಳಕು ಕಡಿಮೆ ಇರುವುದರಿಂದ ಗಿಡವನ್ನು ಕಿಟಕಿಯ ಹತ್ತಿರಕ್ಕೆ ತನ್ನಿ. ಎಲೆ ತಣ್ಣನೆಯ ಗಾಜಿಗೆ ತಾಗಬಾರದು, ಹೀಟರ್ ಗಾಳಿ ನೇರವಾಗಿ ಬಡಿಯಬಾರದು. ಅಷ್ಟೇ.

ಈಗ ನೀರು. ಬೆಳಕು ಕಡಿಮೆಯಾದರೆ ಬೆಳವಣಿಗೆ ನಿಧಾನ, ಗಿಡ ನೀರು ಎಳೆಯುವುದೂ ಕಡಿಮೆ. ಮಣ್ಣು ಹಸಿಯಾಗಿಯೇ ಉಳಿದರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯಲಾರದು, ಎಲೆ ಬಾಡುತ್ತದೆ. ನೋಡುವವರಿಗೆ ಬಾಯಾರಿದ ಹಾಗೇ ಕಾಣುತ್ತದೆ. ಎಡವುವುದು ಇಲ್ಲೇ.

ಹಾಗಾಗಿ ಎಲೆ ನೋಡಿ ನಿರ್ಧರಿಸಬೇಡಿ. ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ತಂಪಾಗಿ, ಮಣ್ಣು ಅಂಟಿಕೊಂಡು ಬಂದರೆ ನೀರು ಬೇಡ. ಮೇಲ್ಮಣ್ಣು ಬಿಳಿಚಿಕೊಂಡಿದ್ದರೂ ಒಳಗೆ ಒದ್ದೆ ಇರಬಹುದು, ಅದಕ್ಕೆ ಮೋಸಹೋಗಬೇಡಿ. ಸಣ್ಣ ಕುಂಡವಾದರೆ ಎತ್ತಿ ನೋಡಿ, ಒಣಗಿದ್ದು ಕೈಗೆ ಹಗುರ ಅನ್ನಿಸುತ್ತದೆ. ಮಣ್ಣಿಗೆ ಚುಚ್ಚುವ ಅಗ್ಗದ ತೇವದ ಮೀಟರ್‌ಗಿಂತ ನಿಮ್ಮ ಬೆರಳೇ ವಾಸಿ.

ಒಣಗಿದ್ದರೆ ಬೆಳಿಗ್ಗೆ ಹೊತ್ತು, ಕೊರೆಯುವಷ್ಟು ತಣ್ಣಗಿಲ್ಲದ ನೀರನ್ನು ಕುಂಡದ ತೂತಿನಿಂದ ಹೊರಬರುವವರೆಗೆ ಹಾಕಿ. ದಿನಾ ಚೂರುಚೂರು ಹಾಕುವುದು ಬೇಡ. ಅರ್ಧ ಗಂಟೆ ಬಿಟ್ಟು ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ಅಂದದ ಹೊರಕುಂಡ ಇದ್ದರೆ ಅದರೊಳಗೂ ಇಣುಕಿ ನೋಡಿ. ತೂತಿಲ್ಲದ ಕುಂಡವನ್ನು ನಾನಂತೂ ಮನೆಗೆ ತರುವುದಿಲ್ಲ. ತಳಕ್ಕೆ ಕಲ್ಲು ಹಾಕಿದರೆ ಸರಿಹೋಗುತ್ತದೆ ಅನ್ನುವುದು ಸುಳ್ಳು, ನೀರು ಕಲ್ಲಿನ ಮೇಲಿನ ಮಣ್ಣಿನಲ್ಲೇ ನಿಲ್ಲುತ್ತದೆ. ಸ್ನೇಕ್ ಪ್ಲಾಂಟ್, ಜೀಜೀ (ZZ) ಪ್ಲಾಂಟ್‌ಗಳು ತಮ್ಮೊಳಗೇ ನೀರು ಕೂಡಿಟ್ಟುಕೊಳ್ಳುತ್ತವೆ, ಇವಕ್ಕೆ ಕುಂಡ ತಳದವರೆಗೂ ಒಣಗಲಿ.

ಹೊಸ ಚಿಗುರು ಬರುವವರೆಗೆ ಗೊಬ್ಬರ ನಿಲ್ಲಿಸಿ. ಎಲೆಯ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಎಲೆಗೆ ಹೊಳಪು ಕೊಡುವ ಸ್ಪ್ರೇ ಸುಮ್ನೆ ದುಡ್ಡು ದಂಡ, ಎಲೆ ಉಸಿರಾಡುವ ರಂಧ್ರಗಳನ್ನೂ ಮುಚ್ಚಬಹುದು. ಒರೆಸುವಾಗ ಎಲೆಯ ಅಡಿಭಾಗವನ್ನೂ ನೋಡಿ. ಸಣ್ಣ ಚುಕ್ಕೆ, ನವಿರಾದ ಬಲೆ ಕಂಡರೆ ಅದು ಮೈಟ್ ನುಸಿ. ಒಣ ಗಾಳಿಯಲ್ಲಿ ಬೇಗ ಹಬ್ಬುತ್ತದೆ. ಗಿಡವನ್ನು ಬೇರೆ ಇಟ್ಟು, ನಲ್ಲಿಯಡಿ ಎಲೆ ತೊಳೆಯಿರಿ.

ಕುಂಡ ಬದಲಿಸುವುದನ್ನೂ ಚಿಗುರುವ ಕಾಲಕ್ಕೆ ಮುಂದೂಡಿ. ಮಣ್ಣು ಹುಳಿ ವಾಸನೆ ಹೊಡೆಯುತ್ತಿದ್ದರೆ ಮಾತ್ರ ಕಾಯಬೇಡಿ. ಗಿಡ ಹೊರತೆಗೆದು, ಕಂದು ಬಣ್ಣಕ್ಕೆ ತಿರುಗಿ ಲೋಳೆಯಾದ ಬೇರುಗಳನ್ನು ಶುಚಿಯಾದ ಕತ್ತರಿಯಿಂದ ಕತ್ತರಿಸಿ. ಗಟ್ಟಿ ಬೇರು ಉಳಿದಿದ್ದರೆ ಹೊಸ ಮಣ್ಣಿನಲ್ಲಿ ನೆಡಿ. ಕುಂಡ ಮೊದಲಿನದಕ್ಕಿಂತ ದೊಡ್ಡದು ಬೇಡ.