ಮೂವತ್ತಾರರ ಸ್ಟಾಪರ್ ಬ್ಯಾಕನ್ನು ನಾವು ತಂಡಕ್ಕೆ ಸೇರಿಸಿಕೊಂಡ ಬಗೆ

ಮಂಗಳೂರಿನ ಒಂದು ಸಣ್ಣ ಫುಟ್‌ಬಾಲ್ ಕ್ಲಬ್ಬಿಗೆ ನಾನು ಹನ್ನೊಂದು ವರ್ಷಗಳಿಂದ ತರಬೇತಿ ನೀಡುತ್ತಿದ್ದೇನೆ. ಈ ಅವಧಿಯಲ್ಲಿ ವಯಸ್ಸು ಮೀರಿತೆಂದು ಉಳಿದವರು ಕೈಬಿಟ್ಟಿದ್ದ ಇಬ್ಬರು ಆಟಗಾರರನ್ನು ತಂಡಕ್ಕೆ ಕರೆತಂದೆ. ಒಬ್ಬರ ವಿಷಯದಲ್ಲಿ ನನ್ನ ನಿರ್ಧಾರ ಪೂರ್ತಿ ತಪ್ಪಾಗಿತ್ತು. ಇನ್ನೊಬ್ಬರು ಈಗಲೂ ನಮ್ಮೊಂದಿಗಿದ್ದಾರೆ.

ಮೊದಲನೆಯವರು ಫಾರ್ವರ್ಡ್, ಅಂದರೆ ಮುಂದೆ ನಿಂತು ಗೋಲು ಹೊಡೆಯಬೇಕಾದವರು. ಅವರಿಗೆ ಆಗ 34 ವರ್ಷ. ಹತ್ತು ವರ್ಷಗಳ ಹಿಂದೆ ಅವರು ಡಿಫೆಂಡರುಗಳ ಬೆನ್ನ ಹಿಂದಿನಿಂದ ಚಿಮ್ಮಿ ಓಡುವುದನ್ನು ನೆಹರೂ ಮೈದಾನದಲ್ಲಿ ನಿಂತು ನೋಡಿದ್ದೆ. ಆ ಓಟ ನನ್ನ ಕಣ್ಣಲ್ಲಿ ಉಳಿದಿತ್ತು, ಅವರ ಕಾಲಿನಲ್ಲಿ ಉಳಿದಿರಲಿಲ್ಲ. ಅವರ ಆಟವೆಲ್ಲ ಮೊದಲ ಐದು ಹೆಜ್ಜೆಗಳ ವೇಗವನ್ನೇ ನಂಬಿಕೊಂಡಿದ್ದರಿಂದ, ಅದು ಕುಂದಿದ ಮೇಲೆ ಅವರಿಗೆ ಬೇರೆ ದಾರಿಯೇ ಇರಲಿಲ್ಲ. ನಾಲ್ಕನೆಯ ಪಂದ್ಯದಲ್ಲಿ, ಜೂನ್ ತಿಂಗಳ ಕೆಸರಿನಲ್ಲಿ, ತೊಡೆಯ ಹಿಂಭಾಗದ ಸ್ನಾಯು ಸೆಳೆದು ಹೊರನಡೆದವರು ಮತ್ತೆ ಆಡಲಿಲ್ಲ. ಆ ವರ್ಷದ ನಿಧಿಯ ಅರ್ಧದಷ್ಟು ಹಣ ಅವರಿಗೇ ಹೋಗಿತ್ತು. ಅದಕ್ಕಿಂತ ಹೆಚ್ಚು ನೋವು ಕೊಟ್ಟ ಸಂಗತಿ ಇನ್ನೊಂದಿದೆ. ಕಸ್ಬಾ ಬೆಂಗ್ರೆಯಿಂದ ಫೆರಿಯಲ್ಲಿ ಹೊಳೆ ದಾಟಿ ದಿನವೂ ಅಭ್ಯಾಸಕ್ಕೆ ಬರುತ್ತಿದ್ದ 19 ವರ್ಷದ ಹುಡುಗನೊಬ್ಬ ಅವರಿಗಾಗಿ ಬೆಂಚಿನಲ್ಲಿ ಕುಳಿತ, ಮುಂದಿನ ವರ್ಷ ಬೇರೆ ತಂಡಕ್ಕೆ ಹೋದ. ಹೋದದ್ದು ಸರಿ ಎಂದೇ ನಾನು ಭಾವಿಸುತ್ತೇನೆ.

ಎರಡನೆಯವರು ಸ್ಟಾಪರ್ ಬ್ಯಾಕ್, ಅಂದರೆ ರಕ್ಷಣಾ ಸಾಲಿನ ನಡುವೆ ನಿಲ್ಲುವ ಡಿಫೆಂಡರ್. ಹಿಂದೆ ಬೆಂಗಳೂರಿನಲ್ಲಿ ಆಡಿ, ಆಮೇಲೆ ಕೆಲವು ವರ್ಷ ಗಲ್ಫಿನಲ್ಲಿ ದುಡಿದು ಊರಿಗೆ ಮರಳಿದ್ದರು. ವಯಸ್ಸು 36. ಈ ಸಲ ನಾನು ಅವರ ಓಟದ ವೇಗವನ್ನು ಅಳೆಯಲು ಹೋಗಲಿಲ್ಲ. ಮೂರು ಸಂಜೆ ಅಭ್ಯಾಸ ಪಂದ್ಯಗಳಲ್ಲಿ ಆಡಲು ಹೇಳಿ, ಗೋಲಿನ ಹಿಂದೆ ನಿಂತು, ಚೆಂಡನ್ನು ಬಿಟ್ಟು ಅವರೊಬ್ಬರನ್ನೇ ನೋಡಿದೆ. ಎದುರಾಳಿಯ ಕಾಲಿನಿಂದ ಪಾಸು ಹೊರಡುವ ಮೊದಲೇ ಅವರು ಎರಡು ಹೆಜ್ಜೆ ಸರಿದಿರುತ್ತಿದ್ದರು. ಪಕ್ಕದ ಹುಡುಗರಿಗೆ ಎಲ್ಲಿ ನಿಲ್ಲಬೇಕೆಂದು ಎಡೆಬಿಡದೆ ಹೇಳುತ್ತಿದ್ದರು. ಆದರೆ ತಲೆಯ ಮೇಲಿಂದ ಉದ್ದದ ಚೆಂಡು ಬಿದ್ದು ತಿರುಗಿ ಓಡಬೇಕಾದಾಗ ನಮ್ಮ ಸಾಧಾರಣ ಹುಡುಗರೂ ಅವರನ್ನು ಹಿಂದೆ ಹಾಕುತ್ತಿದ್ದರು.

ಹಾಗಾಗಿ ತಂಡದ ರಚನೆಯನ್ನೇ ಬದಲಿಸಿದೆವು. ರಕ್ಷಣಾ ಸಾಲನ್ನು ಗೋಲಿನ ಹತ್ತಿರಕ್ಕೆ ಇಳಿಸಿ, ಅವರ ಎರಡೂ ಬದಿಗೆ ವೇಗದ ಹುಡುಗರನ್ನು ನಿಲ್ಲಿಸಿ, ನಮ್ಮ ಗೋಲ್‌ಕೀಪರಿಗೆ ಮುಂದೆ ನುಗ್ಗಿ ಚೆಂಡು ತೆಗೆಯುವುದನ್ನು ವಿಶೇಷವಾಗಿ ಕಲಿಸಿದೆ. 2020ರಲ್ಲಿ ಇಂಗ್ಲೆಂಡಿನ ಚೆಲ್ಸಿಯಾ ಕ್ಲಬ್ 35 ವರ್ಷದ ಡಿಫೆಂಡರ್ ಥಿಯಾಗೊ ಸಿಲ್ವಾ ಅವರನ್ನು ಕರೆಸಿಕೊಂಡಿತು. ಮರುವರ್ಷದ ಜನವರಿಯಲ್ಲಿ ಬಂದ ತರಬೇತುದಾರ ಥಾಮಸ್ ಟುಕೆಲ್ ಮೂವರು ಡಿಫೆಂಡರುಗಳ ಸಾಲನ್ನು ಕಟ್ಟಿ, ಅದರ ನಡುವೆ ಅವರನ್ನು ನಿಲ್ಲಿಸಿದರು. ನನಗೆ ಮಾದರಿಯಾದದ್ದು ಅದೇ. 2021ರಲ್ಲಿ ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಫೈನಲಿನಲ್ಲಿ ಸಿಲ್ವಾ ಮೊದಲಾರ್ಧ ಮುಗಿಯುವ ಮೊದಲೇ ಗಾಯಗೊಂಡು ಹೊರಬಂದರು, ಬದಲಿಗೆ ಕ್ರಿಸ್ಟೆನ್ಸನ್ ಇಳಿದರು, ಚೆಲ್ಸಿಯಾ ಗೆದ್ದಿತು. ಹಿರಿಯ ಆಟಗಾರನನ್ನು ತರುವ ಕ್ಲಬ್ಬು ಅವನ ಜಾಗಕ್ಕೆ ಇನ್ನೊಬ್ಬನನ್ನು ಅದೇ ದಿನದಿಂದ ಸಿದ್ಧಪಡಿಸಬೇಕು ಎಂಬುದನ್ನು ನಾನು ಆ ಪಂದ್ಯದಿಂದ ತೆಗೆದುಕೊಂಡೆ.

ಒಪ್ಪಂದ ಒಂದೇ ವರ್ಷದ್ದು. ಒಟ್ಟು ಮೊತ್ತವೆಂದು ಕೊಡದೆ ಪಂದ್ಯಕ್ಕಿಷ್ಟು ಎಂದು ನಿಗದಿ ಮಾಡಿದೆವು. ಉಳಿದವರಿಗೆ ವಾರಕ್ಕೆ ನಾಲ್ಕು ದಿನ ಅಭ್ಯಾಸವಿದ್ದರೆ ಅವರಿಗೆ ಎರಡೇ ದಿನ. ತಣ್ಣೀರುಬಾವಿ ಕಡಲತೀರದ ಮರಳಿನಲ್ಲಿ ನಾವು ಮಾಡಿಸುವ ಓಟ ಅವರಿಗೆ ಬೇಡವೆಂದೆ, ಏಕೆಂದರೆ ಮರಳಿನ ಓಟ ಮೀನಖಂಡದ ಮೇಲೆ ಹೊರಿಸುವ ಭಾರದಿಂದ ಚೇತರಿಸಿಕೊಳ್ಳಲು ಆ ವಯಸ್ಸಿನಲ್ಲಿ ಹೆಚ್ಚು ದಿನ ಬೇಕಾಗುತ್ತದೆ. ಅವರಿಗೆ ಇದು ಹಿಡಿಸಲಿಲ್ಲ. "ಸರ್, ಹುಡುಗರು ಓಡುವಾಗ ನಾನು ನಿಂತು ನೋಡುವುದು ಹೇಗೆ?" ಎಂದು ಕೇಳಿದರು. ನಿಂತು ನೋಡುವ ಹೊತ್ತಿನಲ್ಲಿ 18 ವರ್ಷದ ಒಬ್ಬ ಡಿಫೆಂಡರನಿಗೆ ನಿಲ್ಲುವ ಜಾಗ ಕಲಿಸಿ ಎಂದು ಕೇಳಿಕೊಂಡೆ. ಆ ಹುಡುಗ ಅವರನ್ನು ಅಣ್ಣ ಎಂದೇ ಕರೆಯುತ್ತಾನೆ, ಅವರು ಬೈದರೂ ಬೇಸರ ಮಾಡಿಕೊಳ್ಳುವುದಿಲ್ಲ.

ವೇಗದ ಬಲದಿಂದಲೇ ಬದುಕಿದ ವಿಂಗರನ್ನು, ಅಂದರೆ ಮೈದಾನದ ಅಂಚಿನಲ್ಲಿ ಓಡಿ ದಾಳಿ ಮಾಡುವವನನ್ನು, ಮೂವತ್ತರ ಮೇಲೆ ತರಲು ನಾನು ಈಗ ಒಪ್ಪುವುದಿಲ್ಲ. ಗೋಲ್‌ಕೀಪರ್ ಮತ್ತು ಸ್ಟಾಪರ್ ಬ್ಯಾಕಿನ ವಿಷಯದಲ್ಲಿ ಹಿಂಜರಿಯುವುದಿಲ್ಲ. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾದಾಗ ಡೆಲ್ ಪಿಯೆರೊ, ಪಿರೆಸ್, ಟ್ರೆಜೆಗೆ ಮೊದಲಾದ ವಿದೇಶದ ಹಿರಿಯ ಆಟಗಾರರು ಬಂದರು. ಹೊಸ ಲೀಗಿಗೆ ಜನರನ್ನು ಸೆಳೆಯಲು ಆ ಹೆಸರುಗಳು ಬೇಕಿದ್ದವು, ಆದರೆ ಡೆಲ್ ಪಿಯೆರೊ ಆ ಋತುವಿನಲ್ಲಿ ಹೊಡೆದದ್ದು ಒಂದೇ ಗೋಲು. ಅದೇ ವರ್ಷ 44ರ ಗೋಲ್‌ಕೀಪರ್ ಡೇವಿಡ್ ಜೇಮ್ಸ್ ಕೇರಳ ಬ್ಲಾಸ್ಟರ್ಸ್ ತಂಡವನ್ನು ಫೈನಲ್‌ವರೆಗೆ ಕರೆದೊಯ್ದರು. ಸುನಿಲ್ ಛೆಟ್ರಿ ಫಾರ್ವರ್ಡ್ ಆಗಿಯೂ 40ನೆಯ ವಯಸ್ಸಿನಲ್ಲಿ, 2024–25ರಲ್ಲಿ, ಬೆಂಗಳೂರು ತಂಡಕ್ಕಾಗಿ 14 ಗೋಲು ಹೊಡೆದರಲ್ಲ ಎಂದು ಕೇಳುವವರಿದ್ದಾರೆ. ಚೆಂಡು ಬೀಳುವ ಜಾಗಕ್ಕೆ ಡಿಫೆಂಡರನಿಗಿಂತ ಮೊದಲು ತಲುಪುವುದು, ಎತ್ತರವಿಲ್ಲದಿದ್ದರೂ ಸಮಯ ನೋಡಿ ಜಿಗಿದು ತಲೆ ಕೊಡುವುದು ಅವರ ಆಟದಲ್ಲಿ ಮೊದಲಿನಿಂದಲೂ ಇತ್ತು. ನನ್ನ ಫಾರ್ವರ್ಡಿಗೆ ಅಂಥದ್ದೊಂದು ಇದೆಯೇ ಎಂದು ನಾನು ಅಂದು ನೋಡಲೇ ಇಲ್ಲ.

ಎರಡನೆಯ ಪ್ರಯತ್ನದಲ್ಲಿಯೂ ಒಮ್ಮೆ ತಪ್ಪಿದೆ. ಪಂದ್ಯಾಟವೊಂದರಲ್ಲಿ ಶನಿವಾರ ಪೂರ್ತಿ ಆಡಿದವರನ್ನು ಭಾನುವಾರದ ಸೆಮಿಫೈನಲಿಗೂ ಇಳಿಸಿದೆ. "ಆಡಬಲ್ಲೆ ಸರ್" ಎಂದು ಅವರು ಹೇಳಿದ್ದರು. ಯಾವ ಆಟಗಾರನೂ ಆಡಲಾರೆ ಎನ್ನುವುದಿಲ್ಲ ಎಂಬುದು ನನಗೆ ತಿಳಿದಿರಬೇಕಿತ್ತು. ಕೊನೆಯ ಹತ್ತು ನಿಮಿಷಗಳಲ್ಲಿ ಅವರ ಬೆನ್ನ ಹಿಂದೆ ಬಿದ್ದ ಒಂದೇ ಚೆಂಡಿನಿಂದ ಸೋತೆವು. ಆ ಸಂಜೆ ಅವರು ಹುಡುಗರ ಬಳಿ ಕ್ಷಮೆ ಕೇಳಿದರು. ಕೇಳಬೇಕಾದವನು ನಾನು ಎಂದು ಎಲ್ಲರ ಎದುರಿಗೇ ಹೇಳಿದೆ.

ಅವರಿಗೀಗ 38. ಈ ವರ್ಷದ ಒಪ್ಪಂದದಲ್ಲಿ, ಸತತ ಎರಡು ದಿನ ಅವರನ್ನು ಆಡಿಸತಕ್ಕದ್ದಲ್ಲ ಎಂಬ ಸಾಲನ್ನು ನಾನೇ ಬರೆದು ಸೇರಿಸಿದ್ದೇನೆ. ಎರಡನೆಯ ದಿನ ಆ ಜಾಗದಲ್ಲಿ ಅವರು ಕಲಿಸಿದ ಹುಡುಗ ನಿಲ್ಲುತ್ತಾನೆ.