ಡ್ರೈಯರ್ ಚಿಮಣಿ ಬಿಸಿಯಿಂದ ಕರೆಂಟ್: ನನ್ನ ಅನುಭವ

ಮಡಿಕೇರಿ ಹತ್ರ ಸುಂಟಿಕೊಪ್ಪ ಕಡೆ ಒಂದು ಎಸ್ಟೇಟ್‌ನಲ್ಲಿ ಕಾಫಿ ಡ್ರೈಯರ್ ನೋಡ್ಕೊಳ್ಳೋದು ನನ್ನ ಕೆಲಸ. ಕಣದಲ್ಲಿ ಬಿಸಿಲು ಸಾಲದೇ ಇದ್ದಾಗ ಸೌದೆ, ಕಾಫಿ ಹೊಟ್ಟು ಉರಿಸಿ ಕಾಫಿ ಹಣ್ಣು (ಚೆರ್ರಿ) ಒಣಗಿಸ್ತೀವಿ, ಅರ್ಧ ಬಿಸಿ ಚಿಮಣಿ ಹಿಡ್ಕೊಂಡು ಹೊರಗೆ ಹೋಗ್ತಾನೇ ಇರುತ್ತೆ, ಅದ್ರಲ್ಲಿ ಒಂಚೂರಾದ್ರೂ ಕರೆಂಟ್ ಮಾಡ್ಬೇಕು ಅಂತ ಆಸೆ.

ಇಷ್ಟು ಕಮ್ಮಿ ಬಿಸಿಗೆ ಸ್ಟೀಮ್ ಟರ್ಬೈನ್ ಸರಿಹೋಗಲ್ಲ. ದೊಡ್ಡ ಫ್ಯಾಕ್ಟರಿಗಳಲ್ಲಿ ಆರ್ಗ್ಯಾನಿಕ್ ರ‍್ಯಾಂಕಿನ್ ಸೈಕಲ್ ಹಾಕ್ತಾರೆ, ನೀರಿನ ಬದಲು ಕಮ್ಮಿ ಬಿಸಿಗೇ ಕುದಿಯೋ ದ್ರವದ ಆವಿ ಟರ್ಬೈನ್ ತಿರುಗಿಸುತ್ತೆ (ಆರ್245ಎಫ್‌ಎ ಅನ್ನೋದು ಸುಮಾರು 15 ಡಿಗ್ರಿಗೇ ಕುದಿಯುತ್ತೆ). ಸೀಸನ್‌ನಲ್ಲಿ ಮಾತ್ರ ಓಡೋ ನಮ್ಮ ಡ್ರೈಯರ್‌ಗೆ ಅದರ ಖರ್ಚು ಯಾವತ್ತೂ ಗಿಟ್ಟಲ್ಲ. ಹಾಗಾಗಿ ಥರ್ಮೋಎಲೆಕ್ಟ್ರಿಕ್ ಮಾಡ್ಯೂಲ್ ತರಿಸಿದೆ, ಒಂದು ಮುಖ ಬಿಸಿ ಇನ್ನೊಂದು ತಣ್ಣಗಿದ್ರೆ ವೋಲ್ಟೇಜ್ ಹುಟ್ಟುತ್ತೆ, 1821ರಲ್ಲಿ ಸೀಬೆಕ್ ಕಂಡ್ಕೊಂಡಿದ್ದು ಇದನ್ನೇ.

ತಗೊಳ್ಳುವಾಗ ಹುಷಾರು. ಕೂಲಿಂಗ್‌ಗೆ ಅಂತ ಮಾರೋ ಅಗ್ಗದ ಮಾಡ್ಯೂಲ್‌ಗಳಲ್ಲಿ ಎಷ್ಟೋದ್ರ ಒಳಗಿನ ಬೆಸುಗೆ 138 ಡಿಗ್ರಿಗೇ ಕರಗುತ್ತೆ. ಜನರೇಟರ್‌ಗೇ ಮಾಡಿರೋ 4 ಸೆಂ.ಮೀ. ಚದರದ ಮಾಡ್ಯೂಲ್‌ಗೆ 100 ಡಿಗ್ರಿ ವ್ಯತ್ಯಾಸ ಇದ್ರೆ 4.8 ವೋಲ್ಟ್, 669 ಮಿಲಿಆಂಪ್ ಅಂತ ಬರೆದಿರ್ತಾರೆ, ಗುಣಿಸಿ 3 ವ್ಯಾಟ್ ಅಂದ್ಕೊಂಡ್ರೆ ಕೆಟ್ರಿ, ಆ ವೋಲ್ಟ್ ಏನೂ ಲೋಡ್ ಹಾಕದಾಗಿನದ್ದು, ಆ ಆಂಪ್ ಎರಡು ವೈರ್ ನೇರ ಸೇರಿಸಿ ಶಾರ್ಟ್ ಮಾಡಿದಾಗಿನದ್ದು, ನಿಜವಾಗಿ ಸಿಗೋದು ಅದರ ಕಾಲು ಭಾಗ, 0.8 ವ್ಯಾಟ್.

ಚಿಮಣಿ ಗುಂಡಗಿರೋದ್ರಿಂದ ಚಪ್ಪಟೆ ಪ್ಲೇಟ್ ವೆಲ್ಡ್ ಮಾಡಿಸಿ, ಬಿಸಿ ಚೆನ್ನಾಗಿ ದಾಟಿಸೋ ಥರ್ಮಲ್ ಪೇಸ್ಟ್ ತೆಳ್ಳಗೆ ಹಚ್ಚಿ, ಮಾಡ್ಯೂಲ್‌ಗಳ ಮೇಲೆ ಒಳಗೆ ನೀರು ಹರಿಯೋ ಅಲ್ಯೂಮಿನಿಯಂ ವಾಟರ್ ಬ್ಲಾಕ್ ಇಟ್ಟು ಸ್ಪ್ರಿಂಗ್ ಬೋಲ್ಟ್‌ನಲ್ಲಿ ಸಮನಾಗಿ ಬಿಗಿದೆ. ಬಿಸಿ ಕಡೆ ಸುಲಭ, ತಣ್ಣಗಿನ ಕಡೆಯೇ ಪೂರಾ ಕೆಲಸ. ನೀರಿನ ಬದಲು ಗಾಳಿಗೆ ತಣಿಯೋ ಲೋಹದ ಫಿನ್ ಹಾಕಿದ್ರೆ ಸ್ವಲ್ಪ ಹೊತ್ತಲ್ಲೇ ಎರಡೂ ಮುಖ ಬಿಸಿಯಾಗಿ ವ್ಯತ್ಯಾಸ ಬಿದ್ದೋಗುತ್ತೆ. ಪಂಪ್ ಇಟ್ರೆ ಹುಟ್ಟಿದ ಕರೆಂಟ್ ಅದಕ್ಕೇ ಸರಿ. ನಮ್ಮಲ್ಲಿ ಟ್ಯಾಂಕ್ ಗುಡ್ಡದ ಮೇಲಿದೆ, ನೀರು ತಾನಾಗೇ ಇಳಿಯುತ್ತೆ, ಜನವರಿ ರಾತ್ರಿ ಆ ನೀರಿಗೆ ಕೈ ಇಡೋಕಾಗಲ್ಲ. ಮಡಿಕೇರಿ ಚಳಿಯಿಂದ ಇದೊಂದು ಲಾಭ!

ಮಾಡ್ಯೂಲ್ ಎಲ್ಲ ಒಂದಕ್ಕೊಂದು ಸಾಲಾಗಿ (ಸೀರೀಸ್) ಜೋಡಿಸಿ, ವೋಲ್ಟೇಜ್ ಸರಿಮಾಡೋ ಕನ್ವರ್ಟರ್ ಮೂಲಕ ಬ್ಯಾಟರಿಗೆ ಕೊಟ್ಟಿದೀನಿ. ಫರ್ನೇಸ್ ಹತ್ರ ಎಲ್‌ಇಡಿ, ಟೆಂಪರೇಚರ್ ಮೀಟರ್, ಒಂದು ಮೊಬೈಲ್ ಚಾರ್ಜ್, ಅಷ್ಟೇ. "ಬ್ಲೋವರ್ ಓಡಲ್ವಾ ಇದ್ರಲ್ಲಿ?" ಅಂತ ಎಸ್ಟೇಟ್ ಲೆಕ್ಕ ನೋಡೋ ರೈಟರ್ ಕೇಳಿದ್ರು. ಇಲ್ಲ ಸಾರ್, ಡ್ರೈಯರ್ ಒಳಗೆ ಗಾಳಿ ಊದೋ ಆ ಮೋಟರಿಗೆ ಸಾವಿರಾರು ಮಾಡ್ಯೂಲ್ ಬೇಕು.

ಮಾಡ್ಯೂಲ್ ದಾಟೋ ಬಿಸಿಯಲ್ಲಿ ನೂರಕ್ಕೆ ನಾಲ್ಕೈದು ಕರೆಂಟ್ ಆದ್ರೇ ಹೆಚ್ಚು, ಉಳಿದಿದ್ದೆಲ್ಲ ನೀರಿಗೆ ಹೋಗುತ್ತೆ. ನನ್ನ ಕೇಳಿದ್ರೆ ಆ ಉಗುರುಬೆಚ್ಚಗಿನ ನೀರೇ ದೊಡ್ಡ ಗಳಿಕೆ, ಲೈನ್ ಮನೆಗಳಲ್ಲಿರೋ ಕೆಲಸದವರು ಸಂಜೆ ಬಕೆಟ್ ಹಿಡ್ಕೊಂಡು ಬರ್ತಾರೆ. ಚಿಮಣಿಯಿಂದ ಜಾಸ್ತಿ ಬಿಸಿ ಹೀರೋಕೆ ಮಾತ್ರ ಹೋಗ್ಬೇಡಿ, ಹೊಗೆ ತಣ್ಣಗಾಗಿ ಒಳಗೆ ಟಾರ್ ಕಟ್ಟಿ, ಚಿಮಣಿ ಹೊಗೆ ಎಳೆಯೋದು ನಿಲ್ಲುತ್ತೆ.

ಕರೆಂಟ್ ಕೈಕೊಡೋದು ಮಳೆಗಾಲದಲ್ಲಿ, ಆಗ ಡ್ರೈಯರ್ ಬಂದ್. ಅದಕ್ಕೇ ಮುಂದಿನ ಪ್ಲೇಟ್ ಏಲಕ್ಕಿ ಒಣಗಿಸೋ ಗೂಡಿನ ಪೈಪಿಗೆ ಹಾಕ್ತಿದೀನಿ, ಅದು ಆಗಸ್ಟ್‌ಗೇ ಉರಿಯೋಕೆ ಶುರು.