ಪೆರುವಿಗೆ ಸ್ವಯಂಸೇವೆಗೆ ಹೊರಡುವ ಮುನ್ನ

ಜನವರಿಯಲ್ಲಿ ಪೆರುವಿಗೆ ಹೋಗಿ ಹಳ್ಳಿ ಶಾಲೆಯಲ್ಲಿ ಪಾಠ ಮಾಡುತ್ತೇನೆ ಎಂದು ಹೊರಟರೆ ಶಾಲೆಗೆ ಬೀಗ ಹಾಕಿರುತ್ತದೆ. ಅಲ್ಲಿ ತರಗತಿಗಳು ಮಾರ್ಚ್‌ನಲ್ಲಿ ಶುರುವಾಗಿ ಡಿಸೆಂಬರ್‌ನಲ್ಲಿ ಮುಗಿಯುತ್ತವೆ. ಜನವರಿ, ಫೆಬ್ರುವರಿ ಮಕ್ಕಳಿಗೆ ರಜೆ, ಬೆಟ್ಟದ ಸೀಮೆಗೆ ಜೋರು ಮಳೆಗಾಲ. ಹಾಗಾಗಿ ನಮ್ಮ ರಜೆ ಯಾವಾಗ ಎಂದು ನೋಡುವ ಮೊದಲು ಅವರಿಗೆ ನಾವು ಯಾವಾಗ ಬೇಕು ಎಂದು ಕೇಳಬೇಕು.

ಮೊದಲು ಕೆಲಸ ಆರಿಸಿ

ನಿಮ್ಮ ಕೈಯಲ್ಲಿ ಯಾವ ಕೆಲಸ ಇದೆ? ನರ್ಸಿಂಗ್, ಲೆಕ್ಕಪತ್ರ, ಕಂಪ್ಯೂಟರ್, ತೋಟಗಾರಿಕೆ, ಹೊಲಿಗೆ? ಇಲ್ಲಿ ಯಾವುದನ್ನು ಚೆನ್ನಾಗಿ ಮಾಡುತ್ತೀರೋ ಅದನ್ನೇ ಅಲ್ಲಿಯೂ ಮಾಡಿ. ಇಲ್ಲಿ ಇಂಜೆಕ್ಷನ್ ಕೊಡಲು ಅನುಮತಿ ಇಲ್ಲದ ವಿದ್ಯಾರ್ಥಿ ಅಲ್ಲಿಯೂ ಕೊಡಬಾರದು. ಗೋಡೆ ಕಟ್ಟಲು ಗೊತ್ತಿಲ್ಲದವರು ಶಾಲೆಯ ಗೋಡೆ ಕಟ್ಟಲು ಹೋಗಬಾರದು. ಆ ಊರಲ್ಲಿ ಗಾರೆ ಕೆಲಸದವರು ಇದ್ದೇ ಇರುತ್ತಾರೆ, ಅವರಿಗೆ ಕೂಲಿ ಸಿಗಲಿ.

ಅನಾಥಾಲಯದ ಕೆಲಸವನ್ನಂತೂ ಬಿಟ್ಟುಬಿಡಿ ಎಂದು ಕೈಮುಗಿದು ಕೇಳುತ್ತೇನೆ. ಎರಡು ವಾರ ಮುದ್ದು ಮಾಡಿ ಹೊರಟುಹೋಗುವ ಅಕ್ಕ, ಅಣ್ಣಂದಿರಿಗೆ ಮಕ್ಕಳು ಅಂಟಿಕೊಳ್ಳುತ್ತಾರೆ. ಅವರು ಹೋದಾಗಲೆಲ್ಲ ಮತ್ತೆ ಒಂಟಿಯಾಗುತ್ತಾರೆ. ಇಂಥ ಮನೆಗಳಲ್ಲಿರುವ ಎಷ್ಟೋ ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದಾರೆ. ಬಡತನದಿಂದ ಅಲ್ಲಿ ಬಿಟ್ಟಿರುತ್ತಾರೆ, ಅಷ್ಟೇ. ವಿದೇಶಿಯರು ಹಣ ಕೊಟ್ಟು ಬರುತ್ತಾರೆ ಎಂದಾದರೆ ಮಕ್ಕಳನ್ನು ಮನೆಗೆ ಕಳಿಸುವ ಮನಸ್ಸು ಯಾರಿಗೆ ಬರುತ್ತದೆ?

ಸಂಸ್ಥೆಗೆ ಕೇಳಬೇಕಾದ್ದು

ಹೆಚ್ಚಿನ ಏಜೆನ್ಸಿಗಳು ನಿಮ್ಮಿಂದಲೇ ಶುಲ್ಕ ಪಡೆಯುತ್ತವೆ. ಊಟ, ವಸತಿಗೆ ಹಣ ಕೇಳುವುದು ತಪ್ಪಲ್ಲ. ಆದರೆ ಅದರಲ್ಲಿ ಹಳ್ಳಿಗೆ ಎಷ್ಟು ಹೋಗುತ್ತದೆ ಎಂದು ಬರಹದಲ್ಲಿ ಕೇಳಿ. ಈ ಕೆಲಸಕ್ಕೆ ಊರಿನವರನ್ನು ಯಾಕೆ ಇಟ್ಟುಕೊಂಡಿಲ್ಲ? ನಾನು ಹೊರಟ ಮೇಲೆ ಯಾರು ಮುಂದುವರಿಸುತ್ತಾರೆ? ಉತ್ತರ ಹಾರಿಕೆಯದಾದರೆ ಬೇರೆ ಸಂಸ್ಥೆ ನೋಡಿ. ಮಕ್ಕಳ ಜೊತೆ ಕೆಲಸ ಎಂದಾದರೆ ಅವರು ನಿಮ್ಮಿಂದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳಬೇಕು. ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕ ಅದು ಸಿಗುತ್ತದೆ. ಕೇಳಲೇ ಇಲ್ಲ ಅಂದರೆ ಅನುಮಾನ ಪಡಿ.

ಭಾಷೆ

ಇಂಗ್ಲಿಷ್ ಸಾಕಾಗುವುದಿಲ್ಲ. ಹೊರಡುವ ಮೊದಲು ಮೂರ್ನಾಲ್ಕು ತಿಂಗಳು ದಿನಾ ಒಂದು ಗಂಟೆ ಸ್ಪ್ಯಾನಿಷ್ ಕಲಿಯಿರಿ. ಕುಸ್ಕೊ ನಗರದಲ್ಲಿ ಸ್ಪ್ಯಾನಿಷ್ ಕಲಿಸುವ ಶಾಲೆಗಳು ಬೇಕಾದಷ್ಟಿವೆ. ಮೊದಲ ಎರಡು ವಾರ ಅಲ್ಲಿ ಕಲಿತು, ಆಮೇಲೆ ಕೆಲಸಕ್ಕೆ ಇಳಿಯುವುದು ಒಳ್ಳೆಯದು.

ಆದರೆ ಬೆಟ್ಟದ ಹಳ್ಳಿಗಳಲ್ಲಿ ಅಜ್ಜಿಯರು ಮಾತಾಡುವುದು ಕೆಚುವಾ. 1975ರಲ್ಲಿ ಪೆರು ಅದನ್ನು ಅಧಿಕೃತ ಭಾಷೆ ಮಾಡಿತು. ಇದನ್ನು ನಾವು ಕನ್ನಡಿಗರು ಖುಷಿಯಿಂದ ಕಲಿಯಬಹುದು. ಯಾಕೆ ಗೊತ್ತಾ? ನಮ್ಮ ಹಾಗೆಯೇ ಅವರೂ ಪದದ ಕೊನೆಗೆ ಪ್ರತ್ಯಯ ಅಂಟಿಸುತ್ತಾರೆ. 'ವಾಸಿ' ಅಂದರೆ ಮನೆ. 'ವಾಸಿಪಿ' ಮನೆಯಲ್ಲಿ, 'ವಾಸಿಮನ್' ಮನೆಗೆ, 'ವಾಸಿಮಂತ' ಮನೆಯಿಂದ. ಕ್ರಿಯಾಪದವೂ ಸಾಮಾನ್ಯವಾಗಿ ವಾಕ್ಯದ ಕೊನೆಗೇ ಬರುತ್ತದೆ. ಎರಡು ಭಾಷೆಗೂ ನಂಟಿಲ್ಲ, ಆದರೂ ಎಷ್ಟು ಹತ್ತಿರ ಅನಿಸುತ್ತದೆ ಅಲ್ವಾ? ಊಟ ಬಡಿಸಿದವರಿಗೆ 'ಸುಲ್ಪಾಯ್ಕಿ' ಎಂದು ಧನ್ಯವಾದ ಹೇಳಿ ನೋಡಿ, ಮುಖ ಅರಳುತ್ತದೆ.

ವೀಸಾ, ಪ್ರಯಾಣ

ವೀಸಾ ವಿಚಾರಿಸಬೇಕಾದ್ದು ದೆಹಲಿಯಲ್ಲಿರುವ ಪೆರು ರಾಯಭಾರ ಕಚೇರಿಯಲ್ಲಿ. ಸ್ವಯಂಸೇವೆಗೆ ಹೋಗುತ್ತಿದ್ದೇನೆ ಎಂದು ನಿಜ ಹೇಳಿ, ಯಾವ ಬಗೆಯ ವೀಸಾ ಬೇಕು ಎಂದು ಕೇಳಿ. ನೇರ ವಿಮಾನ ಇಲ್ಲ. ಅಮೆರಿಕ ದಾರಿಯಲ್ಲಿ ಹೋದರೆ ಸುಮ್ನೆ ವಿಮಾನ ಬದಲಿಸುವುದಕ್ಕೂ ಅಮೆರಿಕದ ವೀಸಾ ಬೇಕು. ಟಿಕೆಟ್ ಅಗ್ಗ ಎಂದು ಮೊದಲೇ ಕೊಂಡುಬಿಡಬೇಡಿ.

ಎತ್ತರ ಮತ್ತು ಊಟ

ನಮ್ಮ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಕುಸ್ಕೊ ಸುಮಾರು 3,400 ಮೀಟರ್! ಕಡಲ ತೀರದ ಲಿಮಾದಿಂದ ಒಂದೂವರೆ ಗಂಟೆಯಲ್ಲಿ ಅಲ್ಲಿಗೆ ಹಾರಿಬಿಟ್ಟರೆ ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ತಲೆನೋವು, ವಾಕರಿಕೆ, ಏದುಸಿರು ಬರಬಹುದು. ಅಲ್ಲಿಯವರು ಇದನ್ನು ಸೊರೊಚೆ ಎನ್ನುತ್ತಾರೆ. ಮೊದಲ ಎರಡು ದಿನ ನೀರು ಕುಡಿದು ವಿಶ್ರಾಂತಿ ಪಡೆಯಿರಿ. ಇನ್ನೂ ಒಳ್ಳೆಯದೆಂದರೆ ವಿಮಾನ ಇಳಿದ ಕೂಡಲೇ ಸುಮಾರು 2,900 ಮೀಟರ್ ಎತ್ತರದ ಉರುಬಾಂಬಾ ಊರಿನ ಕಡೆಗೆ ಇಳಿದು ಅಲ್ಲಿ ತಂಗುವುದು. ಸುಮ್ಮನೆ ಕೂತಾಗಲೂ ಉಸಿರು ಕಟ್ಟಿದರೆ, ನಡೆಯುವಾಗ ತೂರಾಡಿದರೆ ತಡ ಮಾಡದೆ ಕೆಳಗಿಳಿದು ವೈದ್ಯರನ್ನು ಕಾಣಿ. ಹೃದಯ, ಶ್ವಾಸಕೋಶದ ತೊಂದರೆ ಇರುವವರು ಇಲ್ಲಿಯೇ ವೈದ್ಯರನ್ನು ಕೇಳಿ ಹೊರಡಬೇಕು.

ಸಸ್ಯಾಹಾರಿಗಳು 'ಸಿನ್ ಕಾರ್ನೆ', ಅಂದರೆ ಮಾಂಸ ಬೇಡ, ಎಂದರೆ ಸಾಲದು, ಕೋಳಿ ತಟ್ಟೆಗೆ ಬರಬಹುದು. 'ಸಿನ್ ಪೋಯೊ, ಸಿನ್ ಪೆಸ್ಕಾದೊ' ಎಂದೂ ಸೇರಿಸಿ, ಕೋಳಿ ಬೇಡ, ಮೀನು ಬೇಡ ಎಂದು. ಆಲೂಗಡ್ಡೆ, ಜೋಳ, ಕಿನೋವಾ ಧಾರಾಳ ಸಿಗುತ್ತವೆ. ಆಲೂಗಡ್ಡೆಯ ತವರು ಆ ಬೆಟ್ಟಗಳೇ ತಾನೆ.

ಹಳದಿ ಜ್ವರದ ಲಸಿಕೆ

ಇದನ್ನು ಎಷ್ಟೋ ಜನ ಮರೆಯುತ್ತಾರೆ. ಪೆರುವಿನ ಕಾಡಿನ ಸೀಮೆಯಲ್ಲಿ ಹಳದಿ ಜ್ವರ ಇದೆ. ಪೆರುವಿನಿಂದ ಭಾರತಕ್ಕೆ ಮರಳುವಾಗ ಲಸಿಕೆಯ ಪತ್ರ ತೋರಿಸಬೇಕು, ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಸರ್ಕಾರ ಗುರುತಿಸಿದ ಕೇಂದ್ರದಲ್ಲಷ್ಟೇ ಲಸಿಕೆ ಹಾಕಿಸಿಕೊಳ್ಳಿ. ಪತ್ರ ಜಾರಿಗೆ ಬರುವುದು 10 ದಿನಗಳ ನಂತರ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಆ ಹಳದಿ ಪುಸ್ತಕವನ್ನು ಪಾಸ್‌ಪೋರ್ಟ್ ಜೊತೆಯಲ್ಲೇ ಇಡಿ. ಎತ್ತರಕ್ಕೆ ಒಗ್ಗಲೆಂದು ಅಲ್ಲಿಯವರು ಕೊಡುವ ಕೋಕಾ ಎಲೆಯ (ಕೊಕೇನ್ ತಯಾರಾಗುವ ಗಿಡದ ಎಲೆ) ಚಹಾ ಮಾತ್ರ ಅಲ್ಲಿಯೇ ಮುಗಿಯಲಿ. ಒಂದು ಎಲೆಯೂ ಬ್ಯಾಗಿನಲ್ಲಿ ಉಳಿಯದಂತೆ ನೋಡಿಕೊಳ್ಳಿ, ಭಾರತದಲ್ಲಿ ಅದು ಅಪರಾಧ.